ಕೇಳದೆ ಒತ್ತಿದ ಹೆಬ್ಬೆಟ್ಟು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಮಿಲ್ಲಿನ ಖಾಜಾಬಿ ಆ ದಿನ ಗೋದಾಮಿನ ಒಳಗೆ ಹೋದದ್ದು ಎರಡು ಸಲವೋ ಮೂರು ಸಲವೋ ನನಗೆ ಖಚಿತವಿಲ್ಲ. ನಾನು ವೈನಿಗೆ, ಅಂದರೆ ಅತ್ತಿಗೆಗೆ, ಫೋನ್ ಮಾಡಿ ಹತ್ತು ನಿಮಿಷ ಮಾತಾಡಿದೆ ಎಂದು ನನ್ನ ನೆನಪು. ಮೂವತ್ತೆಂಟು ಸೆಕೆಂಡ್ ಎನ್ನುತ್ತದೆ ಫೋನು. ಇತಿಹಾಸದಲ್ಲಿ ಎಂ.ಎ. ಮಾಡುವಾಗ ನಮ್ಮ ಮೇಷ್ಟ್ರು, ‘ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ, ಆ ಸಾಕ್ಷಿ ನೀವೇ ಆಗಿದ್ದರಂತೂ ಬೇಡವೇ ಬೇಡ’ ಎನ್ನುತ್ತಿದ್ದರು. ಅದಕ್ಕೇ ದಿನವೂ ಡೈರಿ ಬರೆಯುತ್ತೇನೆ. ಆ ದಿನದ ಪುಟ ತೆಗೆದು ನೋಡಿದೆ. ಅದರಲ್ಲಿ ಇರುವುದು ಮೂರೇ ಶಬ್ದ.

‘ಬೆಳ್ಳುಳ್ಳಿ. ಬೆಳ್ಳುಳ್ಳಿ ಅಲ್ಲ.’

ಇದನ್ನು ಬರೆದವಳು ನಾನೇ. ಅದೊಂದು ಮಾತ್ರ ನೆನಪಿನ ಹಂಗಿಲ್ಲದೆ ಹೇಳಬಲ್ಲೆ, ಅಕ್ಷರ ನೋಡಿದರೇ ಗೊತ್ತಾಗುತ್ತದೆ.

ಈ ಅಂಕಣ ಓದುವವರಿಗೆ ನಮ್ಮ ಬೇಳೆ ಮಿಲ್ಲಿನ ಸುದ್ದಿ ಹೊಸದಲ್ಲ. ಆದರೂ ಹೊಸದಾಗಿ ಓದುವವರಿಗೆ ನಾಲ್ಕು ಮಾತು. ಭಾಲ್ಕಿಯಲ್ಲಿ, ರೈಲ್ವೆ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ದೂರದಲ್ಲಿ, ನಮ್ಮದೊಂದು ಸಣ್ಣ ಮಿಲ್ಲಿದೆ. ತೊಗರಿ ಒಡೆದು ಬೇಳೆ ಮಾಡುತ್ತೇವೆ. ಪಾರ್ಟ್ನರ್‌ಗಳು ಇಬ್ಬರೇ. ನಾನು, ಮತ್ತು ನನ್ನ ಅಣ್ಣನ ಹೆಂಡತಿ ಮಹಾದೇವಿ ವೈನಿ. (ಅಣ್ಣ ಶಾಲೆಯ ಮೇಷ್ಟ್ರು. ‘ನಿಮ್ಮಿಬ್ಬರ ನಡುವ ನಾ ಬರಲ್ಲ’ ಎಂದು ಮೊದಲ ದಿನವೇ ಹೇಳಿ ಜಾಣನಾದ.) ವೈನಿ ಇರುವುದು ಭಾಲ್ಕಿಯಲ್ಲೇ. ನಾನು ಬೀದರಿನಿಂದ ವಾರಕ್ಕೆ ನಾಲ್ಕು ದಿನ ಬಸ್ಸಿನಲ್ಲಿ ಹೋಗಿ ಬರುತ್ತೇನೆ.

ವೈನಿಯ ತವರು ಮೆಹಕರ. ಒಕ್ಕಲುತನದ ಮನೆ. ಒಂದು ಹಿಡಿ ತೊಗರಿಯನ್ನು ಅಂಗೈಯಲ್ಲಿ ಹೊರಳಿಸಿ, ಎರಡು ಕಾಳು ಕಡಿದು, ಇದು ಕಪ್ಪು ಮಣ್ಣಿನದೋ ಕೆಂಪು ಮಣ್ಣಿನದೋ ಹೇಳುತ್ತಾರೆ. ನಾನು ಲೇಬಲ್ ಬರೆಯುತ್ತೇನೆ, ಅಂಗಡಿಯವರ ಜೊತೆ ಮಾತಾಡುತ್ತೇನೆ, ಫಾರ್ಮ್ ತುಂಬುತ್ತೇನೆ. ಯಾರ ಕೆಲಸ ದೊಡ್ಡದು? ಆರು ವರ್ಷ ಈ ಪ್ರಶ್ನೆ ನಮ್ಮ ತಲೆಗೆ ಬಂದಿರಲಿಲ್ಲ.

ಶುರುವಿನಲ್ಲಿ ನಮ್ಮಲ್ಲಿ ಒಂದು ಪದ್ಧತಿ ಇತ್ತು. ವೈನಿಯೇ ಮಾಡಿದ್ದು. ಮೊದಲ ವರ್ಷ ಅವರು ಮಷೀನಿನ ಬೆಲ್ಟಿಗೆ ಕೈ ಹಾಕಿದ್ದಾಗ ನಾನು ಆಚೆ ಕಡೆಯಿಂದ ಸ್ವಿಚ್ ಒತ್ತಿಬಿಟ್ಟಿದ್ದೆ. ಎರಡು ಬಳೆ ಒಡೆದವು, ಕೈ ಉಳಿಯಿತು. ಆವತ್ತಿನಿಂದ ರೂಲು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿರುಗಿ ಹೇಳಬೇಕು. ಹೇಳಿ, ‘ಕೇಳಿಸ್ತು’ ಅನ್ನಬೇಕು. ಅಲ್ಲಿಯವರೆಗೆ ಯಾರೂ ಯಾವುದಕ್ಕೂ ಕೈ ಹಚ್ಚುವಂತಿಲ್ಲ.

‘ಸ್ವಿಚ್ ಹಾಕ್ತೇನ್ರಿ ವೈನಿ!’

‘ಸ್ವಿಚ್ ಹಾಕ್ತಿ. ಕೇಳಿಸ್ತು!’

ಕಾಳು ಹಸನು ಮಾಡುತ್ತ ಕೂತಿರುತ್ತಿದ್ದ ಖಾಜಾಬಿಗೆ ಇದು ದಿನದ ತಮಾಷೆ. ಖಾಜಾಬಿ ನಮ್ಮ ಮೊದಲ ಕೆಲಸಗಾರ್ತಿ. ಮಿಲ್ಲಿಗೆ ತಗಡು ಹಾಕುವ ಮೊದಲೇ ಮೊರ ಹಿಡಿದುಕೊಂಡು ಬಂದವಳು. ‘ನಿಮ್ದು ನಿಕಾಹ್ ಆದಂಗ ಆಗ್ತದ್ರಿ ಅಕ್ಕಾ. ಮಾತ್ ಮಾತಿಗಿ ಕಬೂಲ್ ಅನ್ನಸ್ತಾರ ವೈನಿ!’ ಎಂದು ನಗುತ್ತಿದ್ದಳು.

ವೈನಿ ನಗುತ್ತಿರಲಿಲ್ಲ. ‘ಕಬೂಲ್ ಅನ್ನದಿದ್ರ ಕೈ ಹೋಗ್ತದ ಖಾಜಾಬಿ.’

ಇನ್ನೊಂದು ಪದ್ಧತಿ, ಗುಳಿಗೆಯದು. ದಾಸ್ತಾನಿಗೆ ಹುಳ ಹತ್ತದಂತೆ ಗೋದಾಮಿನಲ್ಲಿ ಗುಳಿಗೆ ಇಡಿಸುತ್ತೇವೆ. ಅದರಿಂದ ಹೊರಡುವುದು ವಿಷದ ಗ್ಯಾಸು. ಇಟ್ಟ ಮೇಲೆ ಬಾಗಿಲು ಮುಚ್ಚಬೇಕು, ಕೆಲವು ದಿನ ಯಾರೂ ಒಳಗೆ ಹೋಗಬಾರದು. ವೈನಿ ತಮ್ಮ ಹಳೆಯ ಕೆಂಪು ಸೀರೆಯಿಂದ ಒಂದು ತುಂಡು ಹರಿದು ಚಿಲಕಕ್ಕೆ ಕಟ್ಟುತ್ತಿದ್ದರು. ಆಮೇಲೆ ನನ್ನನ್ನು ಕರೆದು ಆ ಬಾಗಿಲ ಮುಂದೆ ನಿಲ್ಲಿಸಿ, ‘ಗುಳಗಿ ಇಟ್ಟೀನಿ, ಸೋಮವಾರ ತನಕ ತೆಗಿಬ್ಯಾಡ’ ಎಂದು ಹೇಳಿ, ತಿರುಗಿ ಹೇಳಿಸುತ್ತಿದ್ದರು. ಎಂ.ಎ. ಆದವಳಿಗೆ ಒಂದನೇ ಕ್ಲಾಸಿನ ಬಾಯಿಪಾಠ! ನನಗೆ ಒಳಗೊಳಗೇ ನಗು.

ವ್ಯಾಪಾರ ಬೆಳೆಯಿತು. ಬೀದರಿನ ಅಂಗಡಿಗಳಿಗೆ ಪ್ಯಾಕೆಟ್ ಹೋಗತೊಡಗಿದವು. ಔರಾದ್ ಕಡೆಯಿಂದ ಬೇಡಿಕೆ ಬಂತು. ವೈನಿ ವಾರಕ್ಕೆ ಮೂರು ದಿನ ಸಂತಪುರಕ್ಕೆ ಹೋಗಿ ಅಲ್ಲಿನ ರೈತರಿಂದ ನೇರವಾಗಿ ತೊಗರಿ ತರತೊಡಗಿದರು. ಜೊತೆಗೆ ಶೇಂಗಾ ಚಟ್ನಿಪುಡಿಯನ್ನೂ ಶುರು ಮಾಡಿದರು. ಅದು ನನಗೆ ಇಷ್ಟವಿರಲಿಲ್ಲ. ಇಡೀ ಅಂಗಳ ಬೆಳ್ಳುಳ್ಳಿ ವಾಸನೆ. (ಈ ವಾಸನೆಯನ್ನು ನೆನಪಿಟ್ಟುಕೊಳ್ಳಿ.) ಅಂಗಳದ ಹಿಂದೆ ಇನ್ನೊಂದು ಗೋದಾಮು ಬಾಡಿಗೆಗೆ ಹಿಡಿದೆವು. ಅದಕ್ಕೆ ಚಿಲಕದ ಬಾಗಿಲಿಲ್ಲ, ಕಬ್ಬಿಣದ ಶಟರು. ಕೆಂಪು ಬಟ್ಟೆ ಕಟ್ಟುವುದೆಲ್ಲಿ? ಪದ್ಧತಿ ತಾನಾಗೇ ಬಿಟ್ಟುಹೋಯಿತು. ಇಬ್ಬರೂ ಒಂದೇ ಸೂರಿನ ಕೆಳಗೆ ನಿಲ್ಲುವುದೇ ಅಪರೂಪವಾಯಿತು. ಕೂಗಿ ಹೇಳುತ್ತಿದ್ದುದು ಫೋನಿಗೆ ಹೋಯಿತು, ಫೋನಿನಿಂದ ವಾಟ್ಸಾಪಿಗೆ.

ಅಷ್ಟರಲ್ಲಿ ನಾನೊಂದು ಘನಂದಾರಿ ಕೆಲಸ ಮಾಡಿದೆ. ಇದೇ ಅಂಕಣದಲ್ಲಿ ಮಿಲ್ಲು ಕಟ್ಟಿದ ಕತೆ ಬರೆದೆ. ನಿಮ್ಮಲ್ಲಿ ಕೆಲವರು ಮೆಚ್ಚಿ ಪತ್ರ ಬರೆದಿರಿ. ನಾನು ಉಬ್ಬಿದೆ. ಅಷ್ಟುದ್ದದ ಬರಹದಲ್ಲಿ ವೈನಿಗೆ ಸಿಕ್ಕಿದ್ದು ಒಂದೇ ಸಾಲು, ಅದೂ ಕೊನೆಯಲ್ಲಿ: ‘ನನ್ನ ವೈನಿಯೂ ಹೆಲ್ಪ್ ಮಾಡುತ್ತಾರೆ.’

ಮರುದಿನ ಹೋದಾಗ ಆ ಪೇಪರು ಚಟ್ನಿ ಡಬ್ಬಿಗಳ ಕೆಳಗೆ ಹಾಸಿತ್ತು.

‘ಬರ್ರಿ ಮೇಡಮ್ನೋರೆ’ ಅಂದರು ವೈನಿ. ‘ಹೇಳ್ರಿ, ಇವತ್ತ ಏನ್ ಹೆಲ್ಪ್ ಮಾಡ್ಲಿ?’

‘ಹಂಗಲ್ರಿ ವೈನಿ, ಪೇಪರಿನ್ಯಾಗ ಜಾಗಾ ಸಾಲಲಿಲ್ಲ...’

‘ಹೌದ್ರಿ, ಜಾಗಾ ಎಲ್ಲಿ ಇರ್ತದ? ನಿಮ್ಮ ಕತಿಯಾಗ ನೀವೇ ತುಂಬಿದ್ರಿ.’

ಅಣ್ಣನ ಮದುವೆಯಾದಾಗಿನಿಂದ ನನ್ನನ್ನು ‘ಸುನಂದಾ, ಬಾ, ಕೂಡು’ ಎನ್ನುತ್ತಿದ್ದವರು. ಅವರು ಬಹುವಚನ ಹಚ್ಚಿದ ದಿನವೇ ನಾನು ಹೆದರಬೇಕಿತ್ತು. ಹೆದರಲಿಲ್ಲ. ಸಿಟ್ಟು ಬಂತು. ತಪ್ಪು ನನ್ನದಾದಾಗ ನನಗೆ ಸಿಟ್ಟು ಬೇಗ ಬರುತ್ತದೆ. ನಿಮಗೆ?

ಅಲ್ಲಿಂದ ನಮ್ಮ ನಡುವೆ ಉಳಿದದ್ದು ಒಂದು ಹೆಬ್ಬೆಟ್ಟು. ವಾಟ್ಸಾಪಿನ ಹಳದಿ ಹೆಬ್ಬೆಟ್ಟು. ‘ನಾಳೆ ಇಪ್ಪತ್ತು ಚೀಲ ಬರ್ತದ.’ ಹೆಬ್ಬೆಟ್ಟು. ‘ಔರಾದ್ ಅಂಗಡಿಯವರು ಫೋನ್ ಮಾಡಿದ್ರು.’ ಹೆಬ್ಬೆಟ್ಟು. ವೈನಿಗೆ ಟೈಪ್ ಮಾಡಲು ಬೇಜಾರು, ವಾಯ್ಸ್ ಮೆಸೇಜ್ ಕಳಿಸುತ್ತಾರೆ, ಉದ್ದುದ್ದ. ನಾನು ಅರ್ಧ ಕೇಳಿ ಹೆಬ್ಬೆಟ್ಟು ಒತ್ತುತ್ತಿದ್ದೆ. ಬರಬರುತ್ತ ಕೇಳದೆಯೇ ಒತ್ತತೊಡಗಿದೆ. ಬ್ಯುಸಿ ಇರುವವರ ಸಹಿ ಇದ್ದಂತೆ ಅದು. ನಮ್ಮ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಯಾವ ಕಾಗದಕ್ಕಾದರೂ ಹೆಬ್ಬೆಟ್ಟು ಒತ್ತುವ ಮುಂಚೆ, ‘ಇನ್ನೊಮ್ಮಿ ಓದು’ ಅನ್ನುತ್ತಿದ್ದಳು. ಮಸಿ ಹಚ್ಚಿದ ಬೆರಳನ್ನು ಗಾಳಿಯಲ್ಲಿ ಹಿಡಿದು, ಪೂರ್ತಿ ಕೇಳಿ, ಆಮೇಲೆ ಒತ್ತುತ್ತಿದ್ದಳು.

ನಾನು ಅವಳ ಮೊಮ್ಮಗಳು. ವಿಶ್ವವಿದ್ಯಾಲಯದಲ್ಲಿ ಓದಿದವಳು.

ಆ ದಿನ ಬೆಳಿಗ್ಗೆ ಬಸ್ಸು ಬೀದರ್ ದಾಟುವ ಹೊತ್ತಿಗೆ ವೈನಿಯ ವಾಯ್ಸ್ ಮೆಸೇಜ್ ಬಂತು. ಒಂದು ನಿಮಿಷ ಐವತ್ತು ಸೆಕೆಂಡಿನದೋ ಏನೋ. ಬಸ್ಸಿನಲ್ಲಿ ಗದ್ದಲ. ಹೆಬ್ಬೆಟ್ಟು ಒತ್ತಿ ಫೋನನ್ನು ಬ್ಯಾಗಿಗೆ ಹಾಕಿದೆ. ವೈನಿ ಅಷ್ಟೊತ್ತಿಗೆ ಸಂತಪುರದ ದಾರಿಯಲ್ಲಿದ್ದರು.

ಮಿಲ್ಲಿಗೆ ಹೋದರೆ ಬೇಳೆ ತುಂಬಲು ಚೀಲ ಸಾಲದು. ಖಾಲಿ ಚೀಲಗಳ ಕಟ್ಟುಗಳು ಹಿಂದಿನ ಗೋದಾಮಿನಲ್ಲಿ. ನನ್ನ ಬ್ಯಾಗಿನಿಂದ ಶಟರಿನ ಚಾವಿ ತೆಗೆದು ಖಾಜಾಬಿಯ ಕೈಗೆ ಕೊಟ್ಟೆ. ನಾನೇ ಕೊಟ್ಟೆ. ಇದರಲ್ಲಿ ನೆನಪಿನ ತಪ್ಪಿಲ್ಲ.

ಅವಳು ಒಂದು ಕಟ್ಟು ಹೊತ್ತು ತಂದು ಹಾಕಿದಳು. ‘ಒಳಗ ಬೆಳ್ಳುಳ್ಳಿ ವಾಸನಿ ಹೊಡೀಲತ್ತದ್ರಿ ಅಕ್ಕಾ.’

‘ನಮ್ಮ ವೈನಿ ಅಲ್ಲೂ ಚಟ್ನಿ ತುಂಬ್ಯಾರೇನೋ, ನೋಡು!’ ಅಂದೆ.

ಇಬ್ಬರೂ ನಕ್ಕೆವು. ‘ಇನ್ನೊಂದ್ ಕಟ್ಟು ತಾ’ ಅಂದೆ.

ಹೋದಳು. ಬಂದಳು. ಮತ್ತೊಮ್ಮೆ ಹೋದಳೋ? ಹೋದಳೆಂದೇ ಕಾಣುತ್ತದೆ. ಅಷ್ಟು ಹೊತ್ತೂ ನಾನು ಲೇಬಲ್ ಅಂಟಿಸುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಖಾಜಾಬಿ ಮೊರ ಕೆಳಗಿಟ್ಟು ಗೋಡೆಗೆ ಒರಗಿದಳು. ‘ತಲಿ ತಿರಗಲತ್ತದ’ ಅಂದಳು. ನೀರು ಕೊಟ್ಟೆ, ವಾಂತಿಯಾಯಿತು. ಬಿಸಿಲಿಗೆ ಹೀಗಾಗಿರಬೇಕು ಅಂದುಕೊಂಡೆ. ಅವಳು ಎದೆ ಹಿಡಿದುಕೊಂಡಳು. ಉಸಿರು ಎಳೆದು ಎಳೆದು ಬರುತ್ತಿತ್ತು. ಆಗ ಏನೋ ಹೊಳೆಯಿತು. ಪೂರ್ತಿ ಹೊಳೆಯಲಿಲ್ಲ. ವೈನಿಗೆ ಫೋನ್ ಮಾಡಿದೆ.

‘ವೈನಿ, ಹಿಂದಿನ ಗೋದಾಮದಾಗ ಏನದರಿ?’

ಆ ಕಡೆ ಯಾರೋ ತೂಕ ಕೂಗುತ್ತಿದ್ದದ್ದು ಕೇಳುತ್ತಿತ್ತು. ವೈನಿ ಒಂದೇ ಮಾತು ಕೇಳಿದರು.

‘ಒಳಗ ಯಾರ್ ಹೋಗ್ಯಾರ?’

ಆ ಧ್ವನಿ ಇನ್ನೂ ಕಿವಿಯಲ್ಲಿದೆ. ಬೆಳ್ಳುಳ್ಳಿಯಲ್ಲ ಅದು. ಗುಳಿಗೆಯ ಗ್ಯಾಸು. ಹಿಂದಿನ ದಿನ ಸಂಜೆ, ಕೆಲಸದವರೆಲ್ಲ ಹೋದ ಮೇಲೆ, ವೈನಿ ಗುಳಿಗೆ ಇಡಿಸಿದ್ದರು.

ಭಾಲ್ಕಿಯ ದವಾಖಾನೆಯಲ್ಲಿ ಆಕ್ಸಿಜನ್ ಹಚ್ಚಿ ಆಂಬುಲೆನ್ಸಿನಲ್ಲಿ ಬೀದರಿಗೆ ಕಳಿಸಿದರು. ದಾರಿಯುದ್ದಕ್ಕೂ ಖಾಜಾಬಿಯ ಕಾಲು ಒತ್ತುತ್ತಾ ಕೂತಿದ್ದೆ. ಅವಳ ಪಾದದಲ್ಲಿ ತೊಗರಿಯ ಹೊಟ್ಟು ಅಂಟಿಕೊಂಡಿತ್ತು. ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು. ಮುಚ್ಚಿಡದೆ ಹೇಳಿದರು. ‘ಈ ಗ್ಯಾಸಿಗೆ ಇದೇ ಅಂತ ಔಷಧ ಇಲ್ರಿ. ಹಾರ್ಟ್ ತಡೀಬೇಕು. ನಾಳೆ ಮಧ್ಯಾಹ್ನ ತನಕ ಏನೂ ಹೇಳಕ್ಕಾಗಲ್ಲ.’

ನಾಳೆ ಮಧ್ಯಾಹ್ನ ಎನ್ನುವುದು ಎಷ್ಟು ದೂರ ಇರುತ್ತದೆ, ಗೊತ್ತೇ?

ಬ್ಯಾಗಿನಲ್ಲಿ ಫೋನ್ ಇತ್ತು. ಫೋನಿನಲ್ಲಿ ಆ ಮೆಸೇಜ್. ಕೇಳಲಾರೆ. ಕೇಳಿದರೆ ಅದರಲ್ಲಿ ‘ಗುಳಗಿ’ ಎಂಬ ಶಬ್ದ ಇದ್ದರೆ? ನನ್ನ ಹೆಬ್ಬೆಟ್ಟು ಅದರ ಕೆಳಗೇ ಇದೆ. ಖಾಜಾಬಿ ಕಣ್ಣು ತೆರೆದ ಮೇಲೆ ಕೇಳುತ್ತೇನೆ ಎಂದುಕೊಂಡೆ. ತೆರೆಯದಿದ್ದರೆ? ಬ್ಯಾಗನ್ನು ಬೆಂಚಿನ ಕೆಳಗೆ ಕಾಲಿನಿಂದ ಸರಿಸಿದೆ. ಅದರೊಳಗೆ ಹಾವು ಇದ್ದಂತೆ.

ಖಾಜಾಬಿಯ ಗಂಡ ಮೆಹಬೂಬ್ ಭಾಯಿ ಭಾಲ್ಕಿಯಲ್ಲಿ ಆಟೋ ಓಡಿಸುತ್ತಾರೆ. ಅದೇ ಆಟೋದಲ್ಲಿ ಬೀದರ್ ತನಕ ಬಂದಿದ್ದರು. ಅಷ್ಟರಲ್ಲಿ ಸಂತಪುರದ ಬಸ್ಸಿನಿಂದ ಇಳಿದು ವೈನಿಯೂ ಓಡಿ ಬಂದರು. ಕೊರಳಲ್ಲಿದ್ದ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ನನ್ನನ್ನು ನೋಡಿದರು.

ಮೆಹಬೂಬ್ ಭಾಯಿ ಕೇಳಿದರು. ಕೂಗಾಡಲಿಲ್ಲ, ಅದೇ ಹೆಚ್ಚು ಭಯ. ‘ಗುಳಗಿ ಇಟ್ಟ ಕ್ವಾಣ್ಯಾಗ ಅಕಿನ್ನ ಯಾರ್ ಕಳ್ಸ್ಯಾರ್ರಿ?’

ನಾನು ಬಾಯಿ ತೆರೆದೆ. ತೆರೆದೆನೇ? ತೆರೆದೆನೆಂದು ನಂಬಲು ಇಷ್ಟಪಡುತ್ತೇನೆ. ಅಷ್ಟರಲ್ಲಿ ವೈನಿ ಹೇಳಿಬಿಟ್ಟರು.

‘ತಪ್ಪ ನಂದದ ಭಾಯಿ. ಗುಳಗಿ ಇಟ್ಟೀನಂತ ನಾ ಯಾರಿಗೂ ಹೇಳಲಿಲ್ಲ.’

ನಾನು ಸುಮ್ಮನಿದ್ದೆ. ಚಾವಿ ಕೊಟ್ಟವಳು ನಾನು, ವಾಸನೆಯ ಮಾತು ಕೇಳಿ ನಕ್ಕವಳು ನಾನು, ಇನ್ನೊಂದು ಕಟ್ಟು ತಾ ಎಂದವಳು ನಾನು. ಆದರೂ ಸುಮ್ಮನಿದ್ದೆ. ಮೆಹಬೂಬ್ ಭಾಯಿ ವೈನಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು, ಟೋಪಿ ಸರಿ ಮಾಡಿಕೊಂಡು ಗೋಡೆಯ ಕಡೆ ತಿರುಗಿ ಕೂತರು.

ಖಾಜಾಬಿ ಉಳಿದಳು. ಮರುದಿನ ಮಧ್ಯಾಹ್ನ ದಾಟಿದ ಮೇಲೆ ಕಣ್ಣು ತೆರೆದು, ಚಹಾ ಬೇಕು ಅಂದಳಂತೆ. ನರ್ಸ್ ಬಂದು ಹೇಳಿದಾಗ ವೈನಿ ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತರು. ನಾನು ಹೊರಗೆ ಮೆಟ್ಟಿಲ ಮೇಲೆ ಬಂದು, ಇನ್ನು ಕೇಳಬಹುದು ಎಂದು ಫೋನ್ ತೆಗೆದೆ.

ಮೆಸೇಜ್ ಇರಲಿಲ್ಲ. ‘ಈ ಸಂದೇಶವನ್ನು ಅಳಿಸಲಾಗಿದೆ’ ಎಂಬ ಸಾಲು ಇತ್ತು. ಅದರ ಕೆಳಗೆ ನನ್ನ ಹಳದಿ ಹೆಬ್ಬೆಟ್ಟು ಒಂದೇ ನಿಂತಿತ್ತು.

ಅಳಿಸಿದ್ದು ವೈನಿ. ಬೇರೆ ಯಾರಿಗೆ ಅಳಿಸಲು ಬರುತ್ತದೆ? ಈಗ ಇದಕ್ಕೆ ಎರಡೇ ಅರ್ಥ. ಒಂದು, ಆ ಮೆಸೇಜಿನಲ್ಲಿ ಗುಳಿಗೆಯ ಸುದ್ದಿ ಇರಲೇ ಇಲ್ಲ. ವೈನಿ ಆಸ್ಪತ್ರೆಯಲ್ಲಿ ಹೇಳಿದ್ದು ಸತ್ಯ, ಮರೆತವರು ಅವರು, ಹೆದರಿ ಅಳಿಸಿದರು. ಇನ್ನೊಂದು, ಸುದ್ದಿ ಇತ್ತು. ವೈನಿ ಹೇಳಿದ್ದರು, ನಾನು ಕೇಳದೆ ಹೆಬ್ಬೆಟ್ಟು ಒತ್ತಿದೆ. ವಾಯ್ಸ್ ಮೆಸೇಜ್ ಕೇಳಿದರೆ ಅದರ ಮೈಕಿನ ಗುರುತು ನೀಲಿಯಾಗುತ್ತದೆ. ವೈನಿಗೆ ಅದು ಗೊತ್ತು. ನಾನು ಕೇಳಿಲ್ಲ ಎನ್ನುವುದು ಅವರ ಫೋನಿನಲ್ಲಿ ಕಾಣುತ್ತಿತ್ತು. ಹಾಗಿದ್ದರೆ ನನ್ನ ವಿರುದ್ಧ ಇದ್ದ ಒಂದೇ ಒಂದು ಸಾಕ್ಷಿಯನ್ನು ತಮ್ಮ ಕೈಯಾರೆ ಅಳಿಸಿ, ತಪ್ಪನ್ನು ತಮ್ಮ ತಲೆಗೆ ಎಳೆದುಕೊಂಡರು. ಯಾರಿಗಾಗಿ? ‘ಹೆಲ್ಪ್ ಮಾಡುತ್ತಾರೆ’ ಎಂದು ಬರೆದವಳಿಗಾಗಿ.

ಯಾವುದು ನಿಜವಾದರೆ ನನಗೆ ನೆಮ್ಮದಿ? ಮೊದಲನೆಯದಾಗಲಿ ಎಂದು ಎಷ್ಟೋ ಸಲ ಬೇಡಿಕೊಂಡಿದ್ದೇನೆ. ಪಾರ್ಟ್ನರ್ ತಪ್ಪು ಮಾಡಿರಲಿ ಎಂದು ಬೇಡಿಕೊಳ್ಳುವ ಪಾರ್ಟ್ನರ್ ನಾನು. ನಮ್ಮ ಪಾರ್ಟ್ನರ್‌ಶಿಪ್ ಪತ್ರದಲ್ಲಿ ಏನೆಲ್ಲ ಬರೆದಿದೆ! ಯಾರು ಎಲ್ಲಿ ಸಹಿ ಹಾಕಬೇಕು, ಒಬ್ಬರು ಬಿಟ್ಟರೆ ಏನಾಗಬೇಕು, ಎಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ಕೊನೆತನಕ ಕೇಳಬೇಕು ಎಂದು ಯಾವ ವಕೀಲರು ಬರೆಸುತ್ತಾರೆ?

ಖಾಜಾಬಿ ಮನೆಗೆ ಬಂದು ಕೆಲವು ದಿನವಾದ ಮೇಲೆ ಹಣ್ಣು ಹಿಡಿದುಕೊಂಡು ಹೋದೆ. ಹೇಳಬೇಕಾದದ್ದನ್ನು ಬಸ್ಸಿನಲ್ಲಿ ಹತ್ತು ಸಲ ಅಂದುಕೊಂಡು ಹೋಗಿದ್ದೆ. ಅಲ್ಲಿ ತಡವರಿಸಿದೆ. ‘ಖಾಜಾಬಿ, ಆವತ್ತು... ನಿನ್ನನ್ನು ಒಳಗ ಕಳಿಸಿದ್ದು ನಾನು.’

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ‘ಚಾವಿ ನಿಮ್ ಕೈಲಿಂದೇ ತಗೊಂಡೀನಲ್ರಿ ಅಕ್ಕಾ. ನನಗ ಗೊತ್ತಿಲ್ಲೇನ್ರಿ?’

‘ಮತ್ತ ಭಾಯಿಗಿ ಯಾಕ ಹೇಳಲಿಲ್ಲ?’

‘ಹೇಳೀನಿ. ಎಚ್ಚರ ಆದ ದಿನಾನೇ ಹೇಳೀನಿ.’ ಹಣ್ಣಿನ ಚೀಲವನ್ನು ಪಕ್ಕಕ್ಕೆ ಇಟ್ಟಳು. ‘ನೀವಾಗೇ ಬಂದು ಹೇಳ್ತೀರಂತ ಕಾಯ್ಲತ್ತಿದ್ವಿ.’

ಎಷ್ಟು ದಿನ ಕಾದರೋ! ಮಿಲ್ಲಿಗೆ ಬಂದ ದಿನವೆಲ್ಲ ನಾನು ಅವರ ಓಣಿಯ ಮುಂದೆಯೇ ಹಾದು ಹೋಗುತ್ತಿದ್ದೆ.

ಏಳುವಾಗ ಅವಳೇ ಅಂದಳು. ‘ಕೆಲ್ಸಕ್ಕ ಬರ್ತೇನ್ರಿ. ಶಟರ್ ಒಳಗ ಮಾತ್ರ ಹೋಗಲ್ಲ. ನೀವು ಹೋದ್ರ ನಾ ಹೊರಗ ನಿಂದರ್ತೇನಿ.’

ಈಗ ಶಟರಿಗೆ ವೆಲ್ಡಿಂಗ್ ಮಾಡಿಸಿ ಒಂದು ಕೊಂಡಿ ಹಾಕಿಸಿದ್ದೇವೆ, ಬಟ್ಟೆ ಕಟ್ಟಲು. ಚಾವಿಯನ್ನು ಒಬ್ಬರೇ ತೆಗೆಯುವಂತಿಲ್ಲ. ವಾಟ್ಸಾಪ್ ಬಂದ್. ಫೋನಿನಲ್ಲಾದರೂ ಸರಿ, ಹೇಳಬೇಕು, ತಿರುಗಿ ಹೇಳಬೇಕು, ‘ಕೇಳಿಸ್ತು’ ಅನ್ನಬೇಕು. ವೈನಿ ಮತ್ತೆ ‘ಸುನಂದಾ’ ಎನ್ನುತ್ತಿದ್ದಾರೆ. ಹೊರಗಿನವರಿಗೆ ಎಲ್ಲ ಬರೋಬ್ಬರಿ ಕಾಣುತ್ತದೆ. ಔರಾದಿನಲ್ಲಿ ಇನ್ನೊಂದು ಮಷೀನು ಹಾಕುವ ಮಾತೂ ನಡೆದಿದೆ. ನಾನು ಮಾತ್ರ ಫೋನು ಟಿಣ್ ಅಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತೇನೆ. ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಎದ್ದು ಕಿಟಕಿ ತೆಗೆಯುತ್ತೇನೆ. ಎರಡು ಮಷೀನಾದರೆ ನಮ್ಮ ನಡುವಿನ ದೂರವೂ ಎರಡರಷ್ಟು. ಆಗ ಯಾರ ಮಾತು ಯಾರಿಗೆ ಕೇಳಿಸುತ್ತದೆ?

ಹೋದ ವಾರ ವೈನಿ, ನಾನು ಇಬ್ಬರೇ ಇದ್ದೆವು. ಅವರು ಮಷೀನಿನ ಹತ್ತಿರ ನಿಂತು ಕಾಳು ನೋಡುತ್ತಿದ್ದರು. ಕೇಳಿಯೇಬಿಟ್ಟೆ.

‘ವೈನಿ, ಆ ಮೆಸೇಜಿನ್ಯಾಗ ನೀವು ಗುಳಗಿ ಸುದ್ದಿ ಹೇಳಿದ್ರೋ, ಇಲ್ಲೋ?’

ವೈನಿಯ ಕೈ ಕಾಳಿನ ಮೇಲೇ ನಿಂತಿತು. ಬಹಳ ಹೊತ್ತು ನಿಂತಿತು ಎಂದು ನನ್ನ ನೆನಪು, ಎರಡು ಸೆಕೆಂಡೂ ಇರಬಹುದು. ಆಮೇಲೆ ನಮ್ಮ ರೂಲಿನ ಪ್ರಕಾರ, ಒಂದು ಶಬ್ದವನ್ನೂ ಬಿಡದೆ, ನನ್ನ ಪ್ರಶ್ನೆಯನ್ನೇ ನನಗೆ ತಿರುಗಿ ಹೇಳಿದರು.

‘ಆ ಮೆಸೇಜಿನ್ಯಾಗ ನಾ ಗುಳಗಿ ಸುದ್ದಿ ಹೇಳಿದ್ನೋ ಇಲ್ಲೋ, ಅಂತ ಕೇಳ್ಲತ್ತಿ. ಕೇಳಿಸ್ತು.’

ಕೈ ಝಾಡಿಸಿಕೊಂಡು ಗೋಡೆಯ ಹತ್ತಿರ ಹೋದರು. ‘ಸ್ವಿಚ್ ಹಾಕ್ತೇನಿ ಸುನಂದಾ’ ಅಂದರು. ಅಂದು, ನನ್ನ ಮುಖ ನೋಡುತ್ತ ಕಾದರು. ನಾನು ಹೇಳಲೇಬೇಕಿತ್ತು.

‘ಸ್ವಿಚ್ ಹಾಕ್ತೀರಿ. ಕೇಳಿಸ್ತ್ರಿ.’

ಮಷೀನು ಶುರುವಾಯಿತು. ಆ ಸದ್ದಿನಲ್ಲೇ ಇನ್ನೊಮ್ಮೆ ಕೇಳಿದೆ. ಈ ಸಲ ಕೂಗಿ ಕೇಳಿದೆ.

‘ವೈನಿ, ಹೇಳಿದ್ರೋ ಇಲ್ಲೋ?’